ಅಪ್ಪ ಕಟುಕ, ಮಗ ದೇವರು: ಜೋಸನ್ ರಾಜರ ಬಗ್ಗೆ ಮತ್ತೆ ಅದೇ ಪ್ರಶ್ನೆ

ಹೊಸ ಕೊರಿಯನ್ ಧಾರಾವಾಹಿ ಬಂದಾಗಲೆಲ್ಲ ನನಗೆ ಇದೇ ನಾಲ್ಕೈದು ಪ್ರಶ್ನೆ ಬರುತ್ತವೆ. ಜೋಸನ್ ಅಂದರೆ ಹಿಂದೆ ಕೊರಿಯಾವನ್ನು ಆಳಿದ ರಾಜಮನೆತನ. ಎಷ್ಟು ವರ್ಷ ಆಳಿತು ಅಂತ ಇಲ್ಲಿ ಹೇಳುವುದಿಲ್ಲ. ಕೇಳಿದವರಿಗೆಲ್ಲ ಅದು ಗೊತ್ತಿದೆ.

ಪ್ರಶ್ನೆ: ಮೂರನೇ ರಾಜ ತೇಜೋಂಗ್ ಒಡಹುಟ್ಟಿದವರನ್ನೇ ಕೊಂದ. ಅಂಥವನ ಹೊಟ್ಟೆಯಲ್ಲಿ, ಕೊರಿಯನ್ ಅಕ್ಷರ ಮಾಡಿದ ಸೇಜೋಂಗ್‌ನಂಥ ಪುಣ್ಯಾತ್ಮ ಹೇಗೆ ಹುಟ್ಟಿದ?

ಅಪ್ಪನನ್ನು ಒಂದು ತಟ್ಟೆಗೆ, ಮಗನನ್ನು ಇನ್ನೊಂದು ತಟ್ಟೆಗೆ ಹಾಕಿ ತೂಗುವುದೇ ತಪ್ಪು. ಅದು ಒಂದೇ ಮನೆಯ ಒಂದೇ ಕಥೆ.

1392ರಲ್ಲಿ ಯಿ ಸಂಗ್‌ಗ್ಯೆ ಎಂಬ ದಂಡನಾಯಕ ಗೊರ್ಯೊ ಮನೆತನವನ್ನು ಇಳಿಸಿ ತಾನೇ ರಾಜನಾದ. ಅವನೇ ತೇಜೋ. ಅಪ್ಪನ ಪಟ್ಟಕ್ಕಾಗಿ ಕೈ ಕೊಳೆ ಮಾಡಿಕೊಂಡವನು ಐದನೇ ಮಗ ಬಂಗ್‌ವನ್, ಅಂದರೆ ನಿಮ್ಮ ಪ್ರಶ್ನೆಯ ತೇಜೋಂಗ್. ಆದರೆ ಯುವರಾಜನ ಪಟ್ಟ ಹೋಗಿದ್ದು ಎರಡನೇ ಹೆಂಡತಿಯ ಕಿರಿಮಗನಿಗೆ. ಇನ್ನೂ ಆಟ ಆಡುವ ವಯಸ್ಸಿನ ಹುಡುಗ. ಆ ಹುಡುಗನ ಬೆನ್ನಿಗೆ ನಿಂತವನು ಮಂತ್ರಿ ಜಂಗ್ ದೊಜನ್. ಆಡಳಿತ ಮಂತ್ರಿಗಳ ಕೈಯಲ್ಲಿರಬೇಕು, ರಾಜಕುಮಾರರು ಸ್ವಂತ ಸೈನ್ಯ ಇಟ್ಟುಕೊಳ್ಳಬಾರದು ಅನ್ನುವುದು ಅವನ ಲೆಕ್ಕ. 1398ರಲ್ಲಿ ಅಪ್ಪ ಕಾಯಿಲೆ ಬಿದ್ದಿದ್ದ ಹೊತ್ತಿಗೆ ಬಂಗ್‌ವನ್ ನುಗ್ಗಿದ. ಮಂತ್ರಿಯೂ ಸತ್ತ, ಇಬ್ಬರು ಮಲತಮ್ಮಂದಿರೂ ಸತ್ತರು.

ಆಮೇಲೆ ಎರಡು ವರ್ಷ ಅಣ್ಣ ಜಂಗ್‌ಜೋಂಗ್ ಗದ್ದುಗೆಯಲ್ಲಿ ಕೂತ. 1400ರಲ್ಲಿ ಇನ್ನೊಬ್ಬ ಅಣ್ಣ ಬಂಗ್‌ಗಾನ್ ಕತ್ತಿ ಎತ್ತಿ ಸೋತ. ಅವನನ್ನು ಬಂಗ್‌ವನ್ ಕೊಲ್ಲಲಿಲ್ಲ, ಗಡೀಪಾರು ಮಾಡಿಸಿದ. ಹಾಗಾಗಿ 'ಅಣ್ಣತಮ್ಮಂದಿರನ್ನೆಲ್ಲ ಕೊಂದ' ಅಂತ ರೀಲ್ಸ್‌ನಲ್ಲಿ ಹೇಳುವವರ ಮಾತು ನಂಬಬೇಡಿ. ಅದೇ ವರ್ಷ ಸ್ವಂತ ಸೈನ್ಯಗಳು ರದ್ದಾದವು. ಜಂಗ್ ದೊಜನ್ ಮಾಡಹೊರಟಿದ್ದೂ ಇದನ್ನೇ ಅಲ್ವಾ? ಅವನನ್ನು ಕೊಂದವನೇ ಆ ಕೆಲಸ ಮುಗಿಸಿದ, ರಾಜನೂ ಆದ.

ಮುಂದೆ ಹೆಂಡತಿಯ ತಮ್ಮಂದಿರು ನಾಲ್ವರೂ ಅವನ ಅಪ್ಪಣೆಯಿಂದಲೇ ಪ್ರಾಣ ಬಿಟ್ಟರು. 1418ರಲ್ಲಿ ಮೂರನೇ ಮಗ ಸೇಜೋಂಗ್‌ಗೆ ಪಟ್ಟ ಬಿಟ್ಟುಕೊಟ್ಟ, ಸೈನ್ಯವನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡ. ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ.

ಹೊಸ ರಾಜನ ಮಾವ ಶಿಮ್ ಓನ್ ಚೀನಾಕ್ಕೆ ರಾಯಭಾರಿಯಾಗಿ ಹೋಗಿದ್ದ. ವಾಪಸ್ ಬಂದ ಕೂಡಲೇ ಹಿಡಿದರು, ವಿಷ ಕುಡಿಸಿದರು. ಅಳಿಯ ಆಗ ಇಪ್ಪತ್ತರ ಆಸುಪಾಸಿನ ರಾಜ, ಸಿಂಹಾಸನದ ಮೇಲೇ ಕೂತಿದ್ದಾನೆ, ತಡೆಯಲಾಗಲಿಲ್ಲ. ರಾಣಿಯ ಹೆತ್ತ ತಾಯಿಯನ್ನು ಸರ್ಕಾರದ ಜೀತದಾಳು ಮಾಡಿದರು. ತೇಜೋಂಗ್ 1422ರಲ್ಲಿ ಸತ್ತ. ಅತ್ತೆಯನ್ನು ಜೀತದಿಂದ ಬಿಡಿಸಲು ಸೇಜೋಂಗ್‌ಗೆ 1426 ಬೇಕಾಯಿತು. ಮಾವನ ಹೆಸರಿಗೆ ಅಂಟಿದ ಕಳಂಕವನ್ನಂತೂ ಅವನು ಬದುಕಿರುವವರೆಗೂ ತೆಗೆಯಲಿಲ್ಲ. ಅದನ್ನು ತೆಗೆದವನು ಅವನ ಮಗ ಮುನ್‌ಜೋಂಗ್. ನಿಮ್ಮ 'ದೇವರು' ಇಷ್ಟು ವರ್ಷ ಸುಮ್ನೆ ಇದ್ದ. ಅಪ್ಪನ ತೀರ್ಪು ತಪ್ಪು ಅಂದರೆ ತನ್ನ ಪಟ್ಟದ ಬುಡವೇ ಅಲುಗಾಡುತ್ತಿತ್ತು ಅಂತ ನಾನು ಓದಿಕೊಂಡಿದ್ದೇನೆ.

ಸೇಜೋಂಗ್ ಕಾಲದ 1420ರ ವಿದ್ವಾಂಸರ ಸಭೆ, 1434ರ ನೀರಿನ ಗಡಿಯಾರ, 1443ರ ಹೊಸ ಅಕ್ಷರ, ಎಲ್ಲವೂ ಅಪ್ಪ ಹೀಗೆ ಉಳಿಸಿಹೋದ ನೆಮ್ಮದಿಯ ಮೇಲೆ ಬೆಳೆದವು. ದಂಡು ಕಟ್ಟುವ ದಾಯಾದಿ ಇರಲಿಲ್ಲ, ಗದ್ದುಗೆಗೆ ಕೈ ಹಾಕುವ ಬೀಗರಿರಲಿಲ್ಲ. ಹಾಗಂತ ಅಪ್ಪ ಮಾಡಿದ್ದು ಸರಿ ಅಂತ ನಾನು ಒಪ್ಪುವುದಿಲ್ಲ. ಆ ನೆಮ್ಮದಿ ಉಳಿಯಲೂ ಇಲ್ಲ. 1453ರಲ್ಲಿ ಸೇಜೋಂಗ್‌ನ ಎರಡನೇ ಮಗನೇ ತಾತನ ದಾರಿ ಹಿಡಿದು ಮಂತ್ರಿಗಳನ್ನು ಕೊಲ್ಲಿಸಿದ. 1455ರಲ್ಲಿ ಅಣ್ಣನ ಮಗ, ಬಾಲಕ ದಾನ್‌ಜೋಂಗ್‌ನನ್ನು ಇಳಿಸಿದ. ಆ ಹುಡುಗ ಎರಡು ವರ್ಷದ ನಂತರ ಯೊಂಗ್‌ವೊಲ್‌ನ ಗಡೀಪಾರಿನಲ್ಲೇ ಸತ್ತ.

ಕೊರಿಯಾದ ಸಿಯೋಲ್‌ಗೆ ಹೋಗುವವರು ಅರಮನೆ ಮುಂದೆ ಬಾಡಿಗೆ ಬಟ್ಟೆ ಹಾಕಿಕೊಂಡು ಫೋಟೊ ತೆಗೆಸಿಕೊಂಡರೆ ಸಾಲದು. ಚೊಂಗ್‌ಗ್ಯೆಚೊನ್ ಹಳ್ಳದ ಗ್ವಾಂಗ್‌ತೊಂಗ್ ಸೇತುವೆಯ ಕೆಳಗೆ ಇಳಿದು ಗೋಡೆ ನೋಡಿ. ಮೋಡದ ಸುರುಳಿ ಕೆತ್ತಿದ ಚಂದದ ಕಲ್ಲುಗಳಿವೆ. ಕೆಲವು ತಲೆಕೆಳಗಾಗಿ ಕೂತಿವೆ. ಅವು ತೇಜೋಂಗ್‌ನ ಮಲತಾಯಿಯ ಸಮಾಧಿಯ ಕಲ್ಲುಗಳು. 1409ರಲ್ಲಿ ಸಮಾಧಿಯನ್ನು ಊರಾಚೆಗೆ ಸಾಗಿಸಿ, ಮರುವರ್ಷ ಕಲ್ಲುಗಳನ್ನು ಸೇತುವೆಗೆ ಬಳಸಿದರು. ಜನ ಅವುಗಳ ಮೇಲೇ ಓಡಾಡಿದರು.

ಪ್ರಶ್ನೆ: ಜೋಸನ್ ರಾಜರು ಅಯೋಧ್ಯೆಯ ರಾಜಕುಮಾರಿಯ ವಂಶದವರಂತೆ, ನಿಜವೇ?

ಅಲ್ಲ. ಆ ಕಥೆ ಕೊರಿಯಾದ ಹಳೆಯ ಗಾಯಾ ರಾಜ್ಯದ್ದು, ಜೋಸನ್‌ಗಿಂತ ಸಾವಿರ ವರ್ಷಕ್ಕೂ ಹಿಂದಿನದು. ಇದನ್ನು ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ.

ಪ್ರಶ್ನೆ: ಕಿಟಕಿಯ ಜಾಲರಿ ನೋಡಿ ಸೇಜೋಂಗ್ ಅಕ್ಷರ ಮಾಡಿದನಂತೆ?

ಕಟ್ಟುಕಥೆ. ಅಕ್ಷರಗಳ ವಿವರಣೆಯ ಮೂಲ ಪುಸ್ತಕ, 1446ರದ್ದು, 1940ರಲ್ಲಿ ಸಿಕ್ಕಿದೆ. 'ಕ್' ಅಂತ ಹೇಳಿ ನೋಡಿ, ನಾಲಿಗೆಯ ಬುಡ ಮೇಲೆದ್ದು ಗಂಟಲು ಮುಚ್ಚುತ್ತದೆ. ಆ ಸದ್ದಿನ ಅಕ್ಷರದ ಆಕಾರ ಅದೇ ಅಂತ ಪುಸ್ತಕವೇ ಹೇಳುತ್ತದೆ.

ಪ್ರಶ್ನೆ: ಸೇಜೋ, ಸೇಜೋಂಗ್ ಒಬ್ಬರೇನಾ?

ಸೇಜೋಂಗ್ ಅಪ್ಪ, ಸೇಜೋ ಮಗ. ಮೇಲೆ ಹೇಳಿದೆನಲ್ಲ, ಅಣ್ಣನ ಮಗನನ್ನು ಇಳಿಸಿದವನು, ಅವನೇ. ಇವು ರಾಜ ಸತ್ತ ಮೇಲೆ ಇಡುವ ಹೆಸರುಗಳು. ಧಾರಾವಾಹಿಯಲ್ಲಿ ಬದುಕಿರುವ ರಾಜನನ್ನು ಯಾರಾದರೂ ಹಾಗೆ ಕರೆದರೆ ಬರೆದವರು ಓದಿಕೊಂಡಿಲ್ಲ ಅಂತ ಅರ್ಥ.

ಪ್ರಶ್ನೆ: ಇದೆಲ್ಲ ಗೆದ್ದವರು ಬರೆಸಿದ ಚರಿತ್ರೆ ಅಲ್ವಾ?

ಒಳ್ಳೆಯ ಪ್ರಶ್ನೆ. ತೇಜೋನ ಕಾಲದ ದಾಖಲೆ ತಯಾರಾಗಿದ್ದು ತೇಜೋಂಗ್ ಆಳ್ವಿಕೆಯಲ್ಲಿ, 1413ರ ಹೊತ್ತಿಗೆ. ಅದಕ್ಕೇ, ಜಂಗ್ ದೊಜನ್‌ನೇ ಮೊದಲು ಸಂಚು ಮಾಡಿದ ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಎಲ್ಲವೂ ಸುಳ್ಳು ಅಂತ ತಳ್ಳಿಹಾಕಬೇಡಿ. 1404ರಲ್ಲಿ ತೇಜೋಂಗ್ ಜಿಂಕೆ ಬೇಟೆಯಲ್ಲಿ ಕುದುರೆಯಿಂದ ಬಿದ್ದ. ಗಾಯವೇನೂ ಆಗಲಿಲ್ಲ. ಎದ್ದವನೇ ಅತ್ತಿತ್ತ ನೋಡಿ, ಇದು ದಾಖಲೆ ಬರೆಯುವವನಿಗೆ ಗೊತ್ತಾಗದಿರಲಿ ಅಂದ. ಬಿದ್ದಿದ್ದನ್ನೂ ಬರೆದರು, ಆ ಮಾತನ್ನೂ ಬರೆದರು. ಅಪ್ಪನ ದಾಖಲೆಯಲ್ಲಿ ಏನಿದೆ ನೋಡುತ್ತೇನೆ ಅಂತ 1431ರಲ್ಲಿ ಸೇಜೋಂಗ್ ಕೇಳಿದ. ಮಂತ್ರಿಗಳು ಬೇಡ ಅಂದರು. ಅವನು ನೋಡಲಿಲ್ಲ.