ಟ್ಯಾಂಕಿಗೆ ಹೋದ ಗೋವಿನಜೋಳ

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಾನು ಆರು ಎಕರೆಯಲ್ಲಿ ಗೋವಿನಜೋಳ ಹಾಕುತ್ತೇನೆ. ಅದು ಎಥೆನಾಲ್ ಫ್ಯಾಕ್ಟರಿಗೆ ಹೋಗುತ್ತದೆ. ‘ಅಪ್ಪಾ, ಬಡವರ ಅನ್ನವನ್ನು ಕಾರಿಗೆ ಸುರಿಯುತ್ತಿದ್ದೀಯ’ ಎಂದು ಬೆಂಗಳೂರಿನ ಮಗ ಹಂಗಿಸುತ್ತಾನೆ. ಗೋವಿನಜೋಳವನ್ನು ನಮ್ಮಲ್ಲಿ ಯಾರು ಉಣ್ಣುತ್ತಾರೆ? ನನ್ನ ತಪ್ಪೇನು?”

ನಿಮ್ಮ ತಪ್ಪೇನೂ ಇಲ್ಲ. ಹಾಗಂತ ಮಗನ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ.

ಮೊದಲು ಲೆಕ್ಕ ನೋಡೋಣ. ಒಂದು ಟನ್ ಗೋವಿನಜೋಳಕ್ಕೆ (ಮೆಕ್ಕೆಜೋಳ; ಮುಂದೆ ಬರೀ ‘ಜೋಳ’ ಅಂದರೂ ಇದೇ) ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. 50 ಲೀಟರ್ ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ತುಂಬಿಸಿದರೆ ಅದರಲ್ಲಿ 10 ಲೀಟರ್ ಎಥೆನಾಲ್, ಅಂದರೆ 26 ಕೆಜಿ ಜೋಳ. ಅದೆಲ್ಲ ಆವಿಯಾಗಿ ಹೋಗುವುದಿಲ್ಲ. ಪಿಷ್ಟ ಮಾತ್ರ ಇಂಧನವಾಗುತ್ತದೆ, ತೂಕದಲ್ಲಿ ಮೂರನೇ ಒಂದರಷ್ಟು ಹಿಂಡಿಯಾಗಿ ದನ, ಕೋಳಿಗೆ ವಾಪಸ್ ಬರುತ್ತದೆ. (ಆ ಹಿಂಡಿ ಅಗ್ಗವಾಗಿ ಬಂದು ನಮ್ಮ ದರ ಬೀಳಿಸಿತು ಎಂದು ಸೋಯಾದವರು ಗೊಣಗುತ್ತಾರೆ. ಅದು ಬೇರೆ ಕಥೆ.)

ನಿಮ್ಮ ಕಡೆ ಬೆಳೆಯ ಹೆಸರಲ್ಲೇ ಗೋವು ಇದೆ. ಮೆಕ್ಸಿಕೋದಲ್ಲಿ ಅದೇ ಜೋಳದ ರೊಟ್ಟಿ, ಟೋರ್ಟಿಯಾ, ದಿನದ ಊಟ. 2007ರ ಜನವರಿಯಲ್ಲಿ ಅದರ ಬೆಲೆ ಏರಿ ಸಾವಿರಾರು ಜನ ಮೆಕ್ಸಿಕೋ ಸಿಟಿಯಲ್ಲಿ ಬೀದಿಗಿಳಿದರು. ಪಕ್ಕದ ಅಮೆರಿಕ ಎಥೆನಾಲ್‌ಗೆ ಬಳಸುವುದು ಹಳದಿ ಜೋಳ, ಟೋರ್ಟಿಯಾಕ್ಕೆ ಬೇಕಾದದ್ದು ಬಿಳಿ. ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಹಳದಿ ತುಟ್ಟಿಯಾದಾಗ ಹಂದಿ, ಕೋಳಿ ಸಾಕುವವರು ಬಿಳಿಗೆ ಕೈ ಹಾಕುತ್ತಾರೆ. ದಾಸ್ತಾನು ಮಾಡಿ ಬೆಲೆ ಏರಿಸುವವರಿಗಂತೂ ಅಷ್ಟು ನೆಪ ಸಾಕು.

ಅದೇ ವರ್ಷ ಅಮೆರಿಕ ಪೆಟ್ರೋಲ್‌ಗೆ ಎಥೆನಾಲ್ ಬೆರೆಸುವ ಕಾನೂನು ಬಿಗಿ ಮಾಡಿತು. ಜೋಳದ ಎಥೆನಾಲ್‌ಗೆ 2015ರ ಹೊತ್ತಿಗೆ ವರ್ಷಕ್ಕೆ 1,500 ಕೋಟಿ ಗ್ಯಾಲನ್ ಜಾಗ ಮೀಸಲಾಯಿತು. ಈಗ ಅಲ್ಲಿನ ಜೋಳದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಇದಕ್ಕೇ ಹೋಗುತ್ತದೆ. 2012ರಲ್ಲಿ ಭಾರಿ ಬರ ಬಂತು. ಜೋಳ ಬುಶೆಲ್‌ಗೆ, ಅಂದರೆ 25 ಕೆಜಿ ಚಿಲ್ಲರೆಗೆ, 8 ಡಾಲರ್ ದಾಟಿತು. ಸ್ವಲ್ಪ ದಿನ ಈ ನಿಯಮ ನಿಲ್ಲಿಸಿ ಎಂದು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಮುಖ್ಯಸ್ಥ ಜೋಸೆ ಗ್ರಾಜಿಯಾನೊ ಡ ಸಿಲ್ವ ಕೇಳಿದರು. ಅಲ್ಲಿನ ಕೆಲವು ರಾಜ್ಯಪಾಲರೂ ಕೇಳಿದರು. ನವೆಂಬರ್‌ನಲ್ಲಿ ಸರ್ಕಾರ ಆಗಲ್ಲ ಎಂದಿತು.

ನನ್ನ ತಕರಾರು ಇರುವುದು ಇಲ್ಲೇ. ಬೆಳೆ ಚೆನ್ನಾಗಿ ಬಂದು ಬೆಲೆ ಬಿದ್ದ ವರ್ಷ ಜೋಳ ಇಂಧನವಾದರೆ ಆಗಲಿ. ಮಳೆ ಕೈಕೊಟ್ಟ ವರ್ಷವೂ ಟ್ಯಾಂಕಿನ ಪಾಲು ಮೊದಲು ಎತ್ತಿಟ್ಟರೆ, ಮಿಕ್ಕಿದ್ದರಲ್ಲಿ ಬಡ ದೇಶಗಳು ಕಿತ್ತಾಡಬೇಕು.

ನಾವು ಅಷ್ಟು ಹಟ ಮಾಡಲಿಲ್ಲ, ನಿಜ. 2023ರ ಜುಲೈನಲ್ಲಿ ಕೇಂದ್ರದ ಆಹಾರ ನಿಗಮ ಎಥೆನಾಲ್ ಮಾಡುವ ಡಿಸ್ಟಿಲರಿಗಳಿಗೆ ಅಕ್ಕಿ ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿಗೂ ಕಡಿವಾಣ ಬಿತ್ತು. ಆದರೆ ಅದಕ್ಕೂ ಮೊದಲು, 2023ರ ಜೂನ್‌ನಲ್ಲಿ, ಕರ್ನಾಟಕ ದುಡ್ಡು ಕೊಡುತ್ತೇನೆಂದರೂ ಅನ್ನಭಾಗ್ಯಕ್ಕೆ ಆ ನಿಗಮದಿಂದ ಅಕ್ಕಿ ಸಿಗಲಿಲ್ಲ, 5 ಕೆಜಿಗೆ ₹170ರಂತೆ ಜನರ ಖಾತೆಗೆ ಹಣ ಹಾಕಬೇಕಾಯಿತು. ಡಿಸ್ಟಿಲರಿಗಳಿಗೆ ಆಗ ಅಕ್ಕಿ ಹೋಗುತ್ತಿದ್ದದ್ದು ಕೆಜಿಗೆ ₹20ರಲ್ಲಿ! ಅಕ್ಕಿ, ಕಬ್ಬು ತಪ್ಪಿದ್ದೇ ಭಾರವೆಲ್ಲ ಮೆಕ್ಕೆಜೋಳದ ಮೇಲೆ ಬಿತ್ತು. ರಫ್ತು ಮಾಡುತ್ತಿದ್ದ ನಾವು 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ನಿಂದ ಜೋಳ ತರಿಸಿದೆವು. ಕೋಳಿ ಫಾರಂನವರು ತಲೆ ಮೇಲೆ ಕೈ ಹೊತ್ತರು.

ಇನ್ನು ನಿಮ್ಮ ಲಾಭದ ಮಾತು. 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400 ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗದೆ ನಿಮ್ಮ ಕಡೆಯವರೇ ರಸ್ತೆಯಲ್ಲಿ ಕೂತಿದ್ದರು. ಎಥೆನಾಲ್ ಇದ್ದೂ ಹೀಗಾಯಿತು. ಫ್ಯಾಕ್ಟರಿಯವರು ದರವನ್ನು ಮೊದಲೇ ಬರೆದುಕೊಡುತ್ತಾರಾ, ಒಮ್ಮೆ ಕೇಳಿ ನೋಡಿ.

ಅಂದಹಾಗೆ, ಆರೂ ಎಕರೆಗೆ ಗೋವಿನಜೋಳವೇ ಅಂದಿರಿ. ನಿಮ್ಮ ಮನೆಯ ರೊಟ್ಟಿಗೆ ಬಿಳಿಜೋಳ ಈಗ ಎಲ್ಲಿಂದ ಬರುತ್ತದೆ? ಪತ್ರದಲ್ಲಿ ಅದನ್ನು ಬರೆದಿಲ್ಲ.

– ಸಂಪಾದಕ