ತಮ್ಮ ಸಾಕಿದ ಬಾಲ್ ಪೈಥಾನ್ ಊರ ಮನೆಗೆ ಬರುತ್ತಿದೆ, ಹೇಗೆ ಹಿಡಿಯಬೇಕು?

ನೀವು ಕೇಳಿದ್ದು ಇಷ್ಟು. ಬೆಂಗಳೂರಿನಲ್ಲಿರುವ ತಮ್ಮ ಒಂದು ಬಾಲ್ ಪೈಥಾನ್, ಒಂದು ಕಾರ್ನ್ ಸ್ನೇಕ್ ಸಾಕಿದ್ದಾನೆ. ಎರಡು ತಿಂಗಳ ಮಟ್ಟಿಗೆ ಅವನ್ನು ತೀರ್ಥಹಳ್ಳಿ ಹತ್ತಿರದ ನಿಮ್ಮ ಮನೆಗೆ ತರುತ್ತಾನೆ. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ಅವನಿಲ್ಲದ ದಿನ ನೀವೇ ಹಾವು ಹಿಡಿಯಬೇಕಾಗಿ ಬಂದರೆ ಹೇಗೆ ಅಂತ.

ನಾನು ಹೊಸನಗರ ಕಡೆಯವನು. ಬೆಂಗಳೂರಿನಲ್ಲಿದ್ದ ಆರು ವರ್ಷ ರೂಮಿನ ಗೆಳೆಯನ ಹಾವುಗಳನ್ನು ಅವನಷ್ಟೇ ನಾನೂ ನೋಡಿಕೊಂಡಿದ್ದೇನೆ. ನಿಮ್ಮ ತಮ್ಮನ ಹತ್ತಿರ ಇರುವ ಜಾತಿಗಳೇ ಅವು. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಹಿಡಿಯುವ ಕ್ರಮ ಹೇಳುತ್ತೇನೆ. ಆದರೆ ನನಗೆ ಜಾಸ್ತಿ ಹೆದರಿಕೆ ಆ ಎರಡು ಹಾವುಗಳ ಬಗ್ಗೆ ಅಲ್ಲ, ಅವನ್ನು ಹಿಡಿದು ಹಿಡಿದು ಧೈರ್ಯ ಬಂದ ಕೈಗಳ ಬಗ್ಗೆ.

ಬಾಲ್ ಪೈಥಾನ್ ಆಫ್ರಿಕಾದ ಹಾವು. ಬಹಳ ಅಂಜುಬುರುಕ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುತ್ತದೆ, ಹೆಸರು ಬಂದದ್ದೇ ಅದಕ್ಕೆ. ಮೇಲಿನಿಂದ ಕೈ ತರಬೇಡಿ. ಹದ್ದು, ಗಿಡುಗ ಬರುವುದು ಮೇಲಿನಿಂದಲೇ ಅಲ್ವಾ, ಹಾವಿಗೆ ಆ ಭಯ ಹುಟ್ಟಿನಿಂದಲೇ ಇರುತ್ತದೆ. ಪಕ್ಕದಿಂದ ಹೋಗಿ. ಮೊದಲು ಹಾವಿನ ಹುಕ್ಕಿನಿಂದಲೋ (ತುದಿ ಬಾಗಿದ ಕೋಲು) ಸುರುಳಿ ಸುತ್ತಿದ ಕಾಗದದಿಂದಲೋ ಮೈ ನಡುವೆ ಮೆಲ್ಲಗೆ ಮುಟ್ಟಿ. ಹಿಡಿಯುವ ಪ್ರತಿ ಸಲವೂ ಹೀಗೆ ಮಾಡಿದರೆ, ಇದು ಊಟದ ಹೊತ್ತಲ್ಲ ಎಂಬುದು ಅದಕ್ಕೆ ರೂಢಿಯಾಗುತ್ತದೆ. ಆಮೇಲೆ ಒಂದು ಕೈ ಮೈಯ ಮುಂಭಾಗದ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ಎತ್ತಿ. ಕುತ್ತಿಗೆ ಹಿಡಿಯಬಾರದು, ಬಾಲ ಹಿಡಿದು ನೇತಾಡಿಸಬಾರದು. ನೆಲದ ಮೇಲೆ ಕೂತೇ ಹಿಡಿಯಿರಿ, ಜಾರಿ ಬಿದ್ದರೂ ಪೆಟ್ಟಾಗುವುದಿಲ್ಲ. ಕುತ್ತಿಗೆಯನ್ನು ಕೊಕ್ಕೆಯ ಹಾಗೆ ಮಡಚಿ ನಿಮ್ಮನ್ನೇ ನೋಡುತ್ತಿದ್ದರೆ ಅವತ್ತು ಸುಮ್ನೆ ಬಿಟ್ಟುಬಿಡಿ.

ಕಾರ್ನ್ ಸ್ನೇಕ್ ಅಮೆರಿಕದ್ದು. ಸಪೂರ, ಚುರುಕು. ಇದನ್ನು ಬಿಗಿ ಹಿಡಿದರೆ ಗಾಬರಿಯಾಗಿ ಕೊಸರುತ್ತದೆ, ಕೆಟ್ಟ ವಾಸನೆ ಬಿಡುತ್ತದೆ. ಬಾವಿಯಿಂದ ಹಗ್ಗ ಸೇದುವಾಗ ಒಂದು ಕೈ ಆದ ಮೇಲೆ ಇನ್ನೊಂದು ಕೈ ಕೊಡುತ್ತೇವಲ್ಲ, ಹಾಗೆ ಅದು ಮುಂದೆ ಹರಿದಂತೆ ಕೈ ಕೊಡುತ್ತಾ ಹೋಗಿ. ಹಿಡಿತ ಬೇಡ, ಆಸರೆ ಸಾಕು.

ಊಟ ಮಾಡಿದ ಮೇಲೆ ಎರಡು ದಿನ ಯಾವುದನ್ನೂ ಮುಟ್ಟಬೇಡಿ. ಮುಟ್ಟಿದರೆ ನುಂಗಿದ್ದನ್ನು ಕಕ್ಕಬಹುದು, ಹಾವು ಸೊರಗುವುದು ಹಾಗೆಯೇ. ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿದರೆ ಪೊರೆ ಬಿಡುವ ಸಮಯ ಬಂತು ಎಂದರ್ಥ. ಆಗ ಸರಿಯಾಗಿ ಕಾಣದೆ ಕಚ್ಚುವ ಸಂಭವ ಹೆಚ್ಚು. ಇಲಿ ಮುಟ್ಟಿದ ಕೈ ತೊಳೆಯದೆ ಪೆಟ್ಟಿಗೆಗೆ ಹಾಕಿದರೆ ಹಾವಿಗೆ ನಿಮ್ಮ ಬೆರಳೇ ಇಲಿ. ಒಮ್ಮೆ ಅವಸರದಲ್ಲಿ ನಾನು ಇದೇ ತಪ್ಪು ಮಾಡಿ ಬಾಲ್ ಪೈಥಾನ್‌ನಿಂದ ಕಚ್ಚಿಸಿಕೊಂಡೆ. ಹಲ್ಲುಗಳು ಹಿಂದಕ್ಕೆ ಬಾಗಿರುತ್ತವೆ, ಎಳೆದರೆ ಹರಿಯುವುದು ನಮ್ಮ ಚರ್ಮವೇ. ಎಳೆಯದೆ ನಲ್ಲಿಯ ತಣ್ಣೀರು ಅದರ ಬಾಯಿಯ ಹತ್ತಿರ ಬಿಟ್ಟೆ, ಸ್ವಲ್ಪ ಹೊತ್ತಿನಲ್ಲಿ ತಾನೇ ಬಿಟ್ಟಿತು. ಸೋಪು ಹಾಕಿ ತೊಳೆದು ಟಿಟಿ ಇಂಜೆಕ್ಷನ್ ತೆಗೆದುಕೊಂಡೆ. ಈ ಎರಡಕ್ಕೂ ವಿಷ ಇಲ್ಲ.

ಮಗುವಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಾವಿನ ಮೈ, ಹಿಕ್ಕೆ, ನೀರಿನ ಬಟ್ಟಲಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಹಾವು ಆರೋಗ್ಯವಾಗಿದ್ದರೂ ಇರುತ್ತದೆ. ಐದು ವರ್ಷದ ಒಳಗಿನ ಮಕ್ಕಳಿಗೆ ಅದರಿಂದ ಭೇದಿ, ಜ್ವರ ಜೋರಾಗಿ ಬರುತ್ತದೆ. ಪೆಟ್ಟಿಗೆ ಇರುವ ಕೋಣೆಗೆ ಚಿಲಕ ಇರಲಿ. ಬಟ್ಟಲನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ. ಮಗುವನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆಯಿರಿ.

ಇನ್ನು ನಮ್ಮ ಮಳೆ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಬೇಕು. ಕಾರ್ನ್ ಸ್ನೇಕ್‌ಗೆ ಸ್ವಲ್ಪ ಕಡಿಮೆ ಸಾಕು. ಜೂನ್, ಜುಲೈನಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಚಳಿ ಮತ್ತು ತೇವ ಸೇರಿದರೆ ಹಾವಿಗೆ ಉಸಿರಿನ ಸೋಂಕು ಬರುತ್ತದೆ, ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ ಕಂಡರೆ ಹಿಡಿದಾಡಿಸಬೇಡಿ, ಹಾವು ನೋಡುವ ಪಶುವೈದ್ಯರಿಗೆ ತೋರಿಸಿ. ಇನ್ವರ್ಟರ್ ಇಲ್ಲದ ಮನೆಗೆ ಮಳೆಗಾಲದಲ್ಲಿ ತರಲೇಬೇಡ ಎಂದು ತಮ್ಮನಿಗೆ ಹೇಳಿ.

ಈಗ ನನ್ನ ಹೆದರಿಕೆಯ ಮಾತು. ಆ ಗೆಳೆಯ ಒಮ್ಮೆ ಡಿಸೆಂಬರ್‌ನಲ್ಲಿ ನಮ್ಮ ಮನೆಗೆ ಬಂದಿದ್ದ. ತೋಟದಲ್ಲಿ ಸೋಗೆ ರಾಶಿಯ ಪಕ್ಕ ದಪ್ಪಗೆ, ಕಂದು ಬಣ್ಣದ್ದು, ಮೈ ತುಂಬ ಮಚ್ಚೆ ಇರುವ ಹಾವು ಸುರುಳಿ ಸುತ್ತಿ ಮಲಗಿತ್ತು. "ಹೆಬ್ಬಾವಿನ ಮರಿ ಕಣೋ" ಎಂದು ಬಗ್ಗಿ, ಪಕ್ಕದಿಂದ ಕೈ ತಂದ. ಸರಿಯಾಗಿ ನಾನು ಮೇಲೆ ಬರೆದ ಹಾಗೆಯೇ. ನಾನು ಕೂಗಿ ಅವನ ಅಂಗಿ ಹಿಡಿದು ಎಳೆದೆ. ಅಷ್ಟರಲ್ಲಿ ಕುಕ್ಕರ್ ಕೂಗುವ ಮುಂಚೆ ಹಬೆ ಬಿಡುತ್ತದಲ್ಲ, ಆ ಸದ್ದು ಬಂತು. ಕೊಳಕುಮಂಡಲ. ಆರು ವರ್ಷ ಹಾವು ಸಾಕಿದವನ ಕೈ ಅದು. ಸಾಕಿರದಿದ್ದರೆ ಅವನು ದೂರವೇ ನಿಲ್ಲುತ್ತಿದ್ದ.

ಬೆಂಗಳೂರಿನ ಪೆಟ್ಟಿಗೆಯಲ್ಲಿ ಕಲಿತದ್ದು ನಮ್ಮ ತೋಟದಲ್ಲಿ ಒಂದು ಚೂರೂ ಬಳಕೆಗೆ ಬರುವುದಿಲ್ಲ. ಇಲ್ಲಿ ನಾಗರಹಾವಿದೆ, ರಾತ್ರಿ ಮನೆಯೊಳಗೂ ಬರುವ ಕಟ್ಟುಹಾವಿದೆ. ಕಟ್ಟುಹಾವಿನ ಹಾಗೇ ಪಟ್ಟೆ ಇರುವ, ವಿಷವಿಲ್ಲದ ಹಾವೂ ಇದೆ. ನಮ್ಮ ಕಾಳಿಂಗ ಸರ್ಪವಂತೂ ಬೇರೆಯೇ ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, 'ಕಾಳಿಂಗ' ಎಂಬ ನಮ್ಮ ಹೆಸರನ್ನೇ ಅದಕ್ಕೆ ಇಟ್ಟರು. ಆಸ್ಪತ್ರೆಗಳಲ್ಲಿ ಸಿಗುವ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ಕಾಳಿಂಗವಾಗಲಿ ಮಲೆನಾಡಿನ ಗುಳಿಮಂಡಲಗಳಾಗಲಿ (ಪಿಟ್ ವೈಪರ್) ಆ ಪಟ್ಟಿಯಲ್ಲಿಲ್ಲ. ಯಾವ ಹಾವು ಕಚ್ಚಿದರೂ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಕಾನೂನಿನದು ಚಿಕ್ಕದಾಗಿ. ಕೇರೆ, ಹೆಬ್ಬಾವು, ಮಣ್ಣುಮುಕ್ಕ ಸೇರಿ ನಮ್ಮ ಕಾಡಿನ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್ ವಿದೇಶಿ, ಆದರೆ 2022ರ ತಿದ್ದುಪಡಿ ಆದ ಮೇಲೆ ಅದನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ತಮ್ಮ ಮಾಡಿಸಿದ್ದಾನಾ ಕೇಳಿ, ಕಾಗದ ಜೊತೆಗೇ ಇರಲಿ.

ಕೊನೆಯದಾಗಿ ಪೆಟ್ಟಿಗೆಯ ಬೀಗ. ಬೆಂಗಳೂರಿನಲ್ಲಿ ಹಾವು ತಪ್ಪಿಸಿಕೊಂಡರೆ ಅಲ್ಮೇರಾ ಹಿಂದೆ ಹುಡುಕುತ್ತಿದ್ದೆವು, ಸಿಕ್ಕಿದ್ದು ಅದೇ ಎಂದು ಖಚಿತ. ನಿಮ್ಮ ಮನೆಯಲ್ಲಿ ಹಾಗಲ್ಲ. ರಾತ್ರಿ ಬಚ್ಚಲಲ್ಲಿ, ಸೌದೆ ಕೊಟ್ಟಿಗೆಯಲ್ಲಿ ಏನೋ ಸರಿದರೆ "ಅದು ನಮ್ಮದೇ" ಎಂದು ಯಾರಾದರೂ ಕೈ ಹಾಕಿಬಿಡಬಹುದು. ಅದಕ್ಕೇ ಎರಡು ಕಡೆ ಚಿಲಕವಿರುವ ಪೆಟ್ಟಿಗೆಯನ್ನೇ ತರಲು ಹೇಳಿ. ಎರಡೂ ಹಾವಿನ ಫೋಟೋ ಮನೆಯವರೆಲ್ಲರ ಫೋನಿನಲ್ಲಿರಲಿ. ಪೆಟ್ಟಿಗೆ ಖಾಲಿ ಕಂಡ ದಿನ ಎಲ್ಲರಿಗೂ ಹೇಳಿ, ತಮ್ಮ ಬಂದು ಟಾರ್ಚ್ ಹಿಡಿದು ಗುರುತಿಸುವವರೆಗೆ ಮನೆಯಲ್ಲಿ ಕಂಡ ಯಾವ ಹಾವನ್ನೂ ಮುಟ್ಟಬೇಡಿ.