ಹಲಗೆ ಬದಲಾಯಿಸಬಹುದು, ಫಿರಂಗಿ ಏರಿಸುವ ಹಾಗಿಲ್ಲ

ಪ್ರಶ್ನೆ: 1793ರಲ್ಲಿ ಬ್ರಿಟನ್-ಫ್ರಾನ್ಸ್ ಯುದ್ಧ ನಡೆಯುವಾಗ ಅಮೆರಿಕ ‘ನಾವು ಯಾರ ಕಡೆಗೂ ಇಲ್ಲ’ ಅಂದಿತು. ಆದರೆ ಆ ದೇಶಗಳ ಹಡಗುಗಳು ಅಲ್ಲೇ ರಿಪೇರಿ ಮಾಡಿಸಿಕೊಳ್ಳಬಹುದಿತ್ತಂತೆ. ಹಾಗಾದರೆ ಅದು ಸುಮ್ನೆ ಬಾಯಿಮಾತಾ?
– ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಇಲ್ಲಮ್ಮ. ಆದರೆ ಶುರುವಿನಲ್ಲಿ ಹೆಚ್ಚುಕಡಿಮೆ ಬಾಯಿಮಾತೇ ಆಗಿತ್ತು. ಅಧ್ಯಕ್ಷ ವಾಷಿಂಗ್ಟನ್ ಈ ಘೋಷಣೆ ಹೊರಡಿಸಿದ್ದು ಏಪ್ರಿಲ್ 22ಕ್ಕೆ. ಅಷ್ಟರಲ್ಲಿ ಫ್ರಾನ್ಸಿನ ರಾಯಭಾರಿ ಜೆನೆ ಚಾರ್ಲ್ಸ್‌ಟನ್ನಿನಲ್ಲಿ ಇಳಿದು, ಬ್ರಿಟಿಷ್ ಹಡಗು ಹಿಡಿಯಲು ಖಾಸಗಿಯವರಿಗೆ ಪರವಾನಗಿ ಕೊಡಲು ತೊಡಗಿದ್ದ. ಫ್ರೆಂಚರು ಹಿಡಿದ ‘ಲಿಟಲ್ ಸಾರಾ’ ಎಂಬ ಹಡಗು ಫಿಲಡೆಲ್ಫಿಯಾಕ್ಕೆ ಬರುವಾಗ ಅದರಲ್ಲಿದ್ದದ್ದು 4 ಫಿರಂಗಿ. ಜುಲೈ ಹೊತ್ತಿಗೆ 14 ಆಗಿದ್ದವು! ಆಗ ಫಿಲಡೆಲ್ಫಿಯಾವೇ ರಾಜಧಾನಿ, ಅಂದರೆ ಸರಕಾರದ ಕಣ್ಣೆದುರೇ. ಬೇಡ ಅಂದರೂ ಕೇಳದೆ ಆ ಹಡಗು ಸಮುದ್ರಕ್ಕೆ ಹೋಯಿತು. ತಡೆಯಲು ಅಮೆರಿಕಕ್ಕೆ ಆಗ ನೌಕಾಪಡೆಯೇ ಇರಲಿಲ್ಲ.

ಆಮೇಲೆ ಆಗಸ್ಟ್ 3ಕ್ಕೆ ನಿಯಮಗಳು ಬಂದವು. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲೇ. ಆಟಿ ತಿಂಗಳಲ್ಲಿ ನಮ್ಮ ಕಡಲ ಬದಿಯಲ್ಲಿ ದೋಣಿ ಎಳೆದು ಹಾಕಿ ಹಲಗೆ ಬದಲಾಯಿಸಿ, ಸಂದಿ ಮುಚ್ಚಿ, ಹಗ್ಗ ಹೊಸೆಯುವುದನ್ನು ನೋಡಿದ್ದೀರಲ್ವಾ? ಆ ಹಲಗೆ, ಹಗ್ಗ ಸರಕು ಹಡಗಿಗೂ ಬೇಕು, ಯುದ್ಧದ ಹಡಗಿಗೂ ಬೇಕು. ಸರಕು ಹಡಗನ್ನು ವ್ಯಾಪಾರಕ್ಕಾಗಿ ಸಜ್ಜು ಮಾಡಲು ಅಡ್ಡಿಯಿಲ್ಲ. ಎರಡಕ್ಕೂ ಆಗುವ ಸಾಮಾನಾದರೆ ಸರಕಾರಿ ಯುದ್ಧ ಹಡಗಿಗೂ ಸಾಮಾನ್ಯವಾಗಿ ಬಿಡುತ್ತಿದ್ದರು. ಆದರೆ ಯುದ್ಧಕ್ಕೆ ಮಾತ್ರ ಬರುವ ಸಾಮಾನು ಕೂಡದು, ಹೊಸದಾಗಿ ಹಡಗಿಗೆ ಆಯುಧ ತೊಡಿಸುವುದಂತೂ ಇಲ್ಲವೇ ಇಲ್ಲ, ಅದು ಯಾವ ದೇಶದ್ದೇ ಆಗಲಿ. ಅಮೆರಿಕ ಫ್ರಾನ್ಸಿನೊಂದಿಗೆ ಮಾಡಿಕೊಂಡಿದ್ದ 1778ರ ಒಪ್ಪಂದದಿಂದ ಫ್ರಾನ್ಸಿಗೆ ಸ್ವಲ್ಪ ಜಾಸ್ತಿ ಸವಲತ್ತು ಉಳಿಯಿತು ನಿಜ, ಆದರೆ ಕೊಟ್ಟ ಮಾತಿಗೂ ಬೆಲೆ ಬೇಕಲ್ವಾ.

ನನಗೆ ಜಾಸ್ತಿ ಹಿಡಿಸಿದ್ದು ಇದನ್ನು ಜಾರಿಗೆ ತಂದ ರೀತಿ. ಖಜಾನೆ ನೋಡಿಕೊಳ್ಳುತ್ತಿದ್ದ ಹ್ಯಾಮಿಲ್ಟನ್ ಮರುದಿನವೇ ಸುಂಕದ ಅಧಿಕಾರಿಗಳಿಗೆ ಸುತ್ತೋಲೆ ಕಳಿಸಿದರು: ಬಂದರಿನ ಹಡಗುಗಳ ಮೇಲೆ ಕಣ್ಣಿಡಿ, ತಪ್ಪು ಕಂಡರೆ ಗವರ್ನರಿಗೂ ಸರಕಾರಿ ವಕೀಲರಿಗೂ ತಿಳಿಸಿ. ಫಿರಂಗಿ ಎಣಿಸಲು ನೌಕಾಪಡೆ ಬೇಕಾಗಿಲ್ಲ, ದಿನಾ ಹಡಗು ಹತ್ತಿ ಇಳಿಯುವ ಗುಮಾಸ್ತ ಸಾಕು.

ಆದರೂ ಶಿಕ್ಷೆ ಕೊಡಲು ಕಾನೂನು ಇರಲಿಲ್ಲ. ಅದು ಬಂದದ್ದು 1794ರ ಜೂನ್ 5ಕ್ಕೆ: 5,000 ಡಾಲರ್ ವರೆಗೆ ದಂಡ, 3 ವರ್ಷದ ವರೆಗೆ ಜೈಲು, ಹಡಗು ಜಪ್ತಿ. ಜಪ್ತಿಯಾದದ್ದರಲ್ಲಿ ಅರ್ಧ ಸುದ್ದಿ ಕೊಟ್ಟವರಿಗೆ.